ಮೊಣಕಾಲು ಹೊರುವ ಭಾರ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಇಂಜಿನಿಯರನೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಬರೆಯುವವನಿಗೆ ಅಂಕಿಗಳ ಮೇಲೆ ಆಸೆ ಹೆಚ್ಚು. ಹಾಗೆ ಓದಿ ತಿಳಿದ ಕೆಲವು ಅಂಕಿಗಳನ್ನು ತಮ್ಮ ಮುಂದಿಡುತ್ತೇನೆ.

ನಮ್ಮಲ್ಲಿ ಹಲವರು ದಿನವಿಡೀ ಯಂತ್ರದ ಮುಂದೆ ನಿಂತು, ಸಂಜೆ ಮೂರು ನಾಲ್ಕು ಮಹಡಿ ಹತ್ತಿ ಖೋಲಿ ಸೇರುವವರು. ಊರಿನಲ್ಲಿ ತಾಯಿಯೋ ತಂದೆಯೋ ಮೊಣಕಾಲು ನೋವಿನಿಂದ ಕೂತಲ್ಲೇ ಕೂತಿದ್ದಾರೆಂಬ ಸುದ್ದಿ ಬರುತ್ತದೆ. ಕೀಲು ಬದಲಿಸಬೇಕೆಂದು ವೈದ್ಯರು ಹೇಳಿದರೆ ಮನೆಮಂದಿಗೆ ಚಿಂತೆ: ಸಾಲ ಮಾಡಿ ಹಾಕಿಸಿದ ಲೋಹದ ಕೀಲು ಭಾರ ತಡೆದೀತೇ? ಅದಕ್ಕೆ ಮೊದಲು, ಆ ಭಾರವಾದರೂ ಎಷ್ಟು?

ದೇಹದ ತೂಕದಷ್ಟು ಎಂದು ನಾವು ಊಹಿಸುತ್ತೇವೆ. ಹಾಗಲ್ಲ. ಬಾಗಿಲನ್ನು ಹಿಡಿಕೆಯ ಬಳಿ ತಳ್ಳಲು ಒಂದು ಬೆರಳು ಸಾಕು. ಬಿಜಾಗರಿಯ ಪಕ್ಕದಲ್ಲಿ ತಳ್ಳಲು ಮೈಬಲವೆಲ್ಲ ಬೇಕು. ಮೊಣಕಾಲು ಮಡಿಸಿದಾಗ ದೇಹದ ತೂಕ ಕೀಲಿನಿಂದ ದೂರ ಬೀಳುತ್ತದೆ. ಕುಸಿಯದಂತೆ ಹಿಡಿಯುವ ತೊಡೆಯ ಸ್ನಾಯುವೋ ಕೀಲಿಗೆ ತೀರ ಹತ್ತಿರದಲ್ಲಿ ಎಳೆಯುತ್ತದೆ. ಆದ್ದರಿಂದ ಅದು ಬಹಳ ಜೋರಾಗಿ ಎಳೆಯಬೇಕು. ತೂಕವೂ ಈ ಎಳೆತವೂ ಕೂಡಿ ಕೀಲನ್ನು ಒತ್ತುತ್ತವೆ.

ಮೊದಲು ಇದನ್ನು ಲೆಕ್ಕ ಹಾಕಿಯೇ ತಿಳಿಯುತ್ತಿದ್ದರು. ನಡೆಯುವಾಗ ಮೊಣಕಾಲಿಗೆ ದೇಹತೂಕದ ಎರಡರಿಂದ ನಾಲ್ಕು ಪಟ್ಟು ಭಾರ ಬೀಳುತ್ತದೆಂದು ಮಾರಿಸನ್ ಎಂಬವರು 1970ರಲ್ಲಿ ಬರೆದರು. ಆದರೆ ಲೆಕ್ಕ ಬೇರೆ, ತಕ್ಕಡಿಗೆ ಹಾಕಿ ತೂಗುವುದು ಬೇರೆ. ಸೊಂಟದ ಕೀಲಿನೊಳಗೆ ಅಳತೆಯ ಸಾಧನ ಇಟ್ಟು ಸ್ವೀಡನ್ನಿನ ರೈಡೆಲ್ 1966ರಲ್ಲಿಯೇ ದಾರಿ ತೋರಿದ್ದರು. ಮೊಣಕಾಲಿನ ಸರದಿ ಬಂದದ್ದು 2004ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಡಿ'ಲಿಮಾ, ಕೋಲ್ವೆಲ್ ಮೊದಲಾದವರು ಅಳತೆ ಮಾಡುವ ಕೃತಕ ಕೀಲನ್ನು ಒಬ್ಬ ವೃದ್ಧರಿಗೆ ಕೂಡಿಸಿದರು. ಅನಂತರ ಜರ್ಮನಿಯ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಬರ್ಗ್‌ಮನ್ನರ ತಂಡ ಈ ಕೆಲಸವನ್ನು ಮುಂದುವರಿಸಿತು.

ಬರ್ಲಿನ್ನಿನ ಸಾಧನ ಹೀಗಿದೆ. ಮೊಣಕಾಲ ಕೆಳಗಿನ ಎಲುಬಿಗೆ ಕೂಡಿಸುವ ಟೈಟೇನಿಯಂ ತಟ್ಟೆಗೆ ಒಂದು ಟೊಳ್ಳು ಕಾಂಡವುಂಟು. ಅದರೊಳಗೆ ಆರು ಪುಟ್ಟ ಮಾಪಕಗಳು. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಅಷ್ಟಕ್ಕೇ ಮಾಪಕದ ವಿದ್ಯುತ್ ನಿರೋಧ ಬದಲಾಗುತ್ತದೆ. ಒಳಗೆ ಬ್ಯಾಟರಿ ಇಲ್ಲ. ಅಳತೆಯ ಹೊತ್ತಿನಲ್ಲಿ ಕಾಲಿನ ಸುತ್ತ ತಂತಿಯ ಸುರುಳಿ ಕಟ್ಟಿದರೆ ಅದೇ ಹೊರಗಿನಿಂದ ವಿದ್ಯುತ್ ಒದಗಿಸುತ್ತದೆ. ಅಳತೆ ರೇಡಿಯೋ ಮೂಲಕ ಹೊರಬರುತ್ತದೆ. ಚರ್ಮ ಚುಚ್ಚಬೇಕಾಗಿಲ್ಲ.

ಐವರು ರೋಗಿಗಳಲ್ಲಿ ಅಳೆದ ಅಂಕಿಗಳನ್ನು ಅವರು 2010ರಲ್ಲಿ ಪ್ರಕಟಿಸಿದರು. ಸರಾಸರಿ ಗರಿಷ್ಠ ಭಾರ ದೇಹತೂಕದ ಶೇಕಡಾ ಇಷ್ಟು: ಎರಡು ಕಾಲಿನ ಮೇಲೆ ನಿಂತಾಗ 107, ಕುರ್ಚಿಯ ಮೇಲೆ ಕೂಡುವಾಗ 225, ಏಳುವಾಗ 246, ಮೊಣಕಾಲು ಬಗ್ಗಿಸಿದಾಗ 253, ಒಂಟಿ ಕಾಲಿನಲ್ಲಿ ನಿಂತಾಗ 259, ಸಮನೆಲದಲ್ಲಿ ನಡೆಯುವಾಗ 261, ಮೆಟ್ಟಿಲು ಹತ್ತುವಾಗ 316, ಇಳಿಯುವಾಗ 346.

ಇದನ್ನು 60 ಕಿಲೋ ತೂಕದವರಿಗೆ ಹೊಂದಿಸಿ ನೋಡಿ. ನಡೆಯುವಾಗ ಒಂದು ಮೊಣಕಾಲಿಗೆ ಸುಮಾರು 157 ಕಿಲೋ, ಮೆಟ್ಟಿಲು ಹತ್ತುವಾಗ 190, ಇಳಿಯುವಾಗ 208. ಎರಡು ಕ್ವಿಂಟಲಿಗೂ ಮಿಗಿಲು! ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವುದು ಸುಲಭವೆನಿಸುತ್ತದೆ. ಮೊಣಕಾಲಿನ ಖಾತೆ ಬೇರೆಯೇ ಹೇಳುತ್ತದೆ. ಇಳಿಯುವಾಗ ಬೀಳುವ ದೇಹವನ್ನು ಪ್ರತಿ ಮೆಟ್ಟಿಲಿಗೂ ಒಂದೇ ಬಗ್ಗಿದ ಕಾಲು ತಡೆದು ನಿಲ್ಲಿಸಬೇಕಲ್ಲ.

ಈ ಅಂಕಿಗಳು ಕೃತಕ ಕೀಲು ಹಾಕಿಸಿಕೊಂಡ ಕೆಲವೇ ಜನರವು ಎಂಬುದನ್ನು ಮರೆಯಬಾರದು. ಜೊತೆಗೆ, ನಾನು ಓದಿದ ಎಂಟು ಬಾಬುಗಳಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುವುದಿಲ್ಲ, ಕುಕ್ಕರಗಾಲಿನಲ್ಲಿ ಕೂಡುವುದಿಲ್ಲ. ನೆಲದ ಮೇಲೆ ಉಂಡು, ನೆಲದ ಮೇಲೆ ಮಲಗಿ ಏಳುವ ನಮ್ಮಂಥವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ತಮ್ಮ ಮನೆಯ ರೀತಿಯನ್ನು ಬಿಡಿಸಿ ಹೇಳಬೇಕು: ಶೌಚಾಲಯ ಎಂಥದು, ಮೆಟ್ಟಿಲು ಎಷ್ಟು, ಕೆಲಸ ನಿಂತು ಮಾಡುವುದೋ ಕೂತು ಮಾಡುವುದೋ. ಸಂಕೋಚಪಟ್ಟು ಸುಮ್ಮನಿದ್ದರೆ ನಷ್ಟ ನಮ್ಮದೇ.

ಈ ಅಳತೆಯಿಂದ ಲಾಭವೇನು? ಕೀಲು ತಯಾರಿಸುವವರು ಯಂತ್ರದಲ್ಲಿ ಲಕ್ಷಾಂತರ ಸಲ ಭಾರ ಹಾಕಿ ಅದರ ಸವೆತ ಪರೀಕ್ಷಿಸುತ್ತಾರೆ. ಎಷ್ಟು ಭಾರ ಹಾಕಬೇಕೆಂಬುದಕ್ಕೆ ಈಗ ಊಹೆಯ ಬದಲು ಅಳತೆಯ ಆಧಾರ ಸಿಕ್ಕಿದೆ. ಇನ್ನೊಂದು ಸಂತೋಷದ ಮಾತು: ಬರ್ಲಿನ್ನಿನವರು ತಮ್ಮ ಅಂಕಿಗಳನ್ನು 'ಆರ್ಥೋಲೋಡ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಅದೂ ಒಂದು ಉಚಿತ ವಾಚನಾಲಯವೇ. ತಮ್ಮ ಕಾಲಿನಲ್ಲಿ ಈ ಸಾಧನ ಹೊತ್ತು ನಡೆದ ರೋಗಿಗಳು ಕಾಣದ ಸಾವಿರಾರು ಜನರಿಗೆ ಉಪಕಾರ ಮಾಡಿದ್ದಾರೆ.

ನಮ್ಮ ಪಾಲಿನ ಕೆಲಸ ಚಿಕ್ಕದು. ಮೊಣಕಾಲು ನೋಯುವವರು ಕಟಕಟೆ ಹಿಡಿದು ನಿಧಾನವಾಗಿ ಇಳಿಯಲಿ. ಕೈಗೆ ಹೋದಷ್ಟು ಭಾರ ಕಾಲಿಗೆ ಕಡಿಮೆ. ಕುರ್ಚಿಯಿಂದ ಏಳುವಾಗ ಕೈ ಊರಿ ಏಳಲಿ. ಹಿರಿಯರ ಕೈಯ ಚೀಲವನ್ನು ಮೆಟ್ಟಿಲ ಬುಡದಲ್ಲಿಯೇ ನಾವು ತೆಗೆದುಕೊಳ್ಳೋಣ. ದೇಹದ ತೂಕ ಒಂದು ಕಿಲೋ ಇಳಿದರೆ, ಇದೇ ಪ್ರಮಾಣದಲ್ಲಿ, ಪ್ರತಿ ಮೆಟ್ಟಿಲಿಗೂ ಮೊಣಕಾಲಿನ ಹೊರೆ ಮೂರು ಕಿಲೋಗೂ ಹೆಚ್ಚು ಇಳಿದೀತು. ಇಷ್ಟು ಲಾಭದ ವ್ಯಾಪಾರ ಬೇರೆಲ್ಲೂ ಇಲ್ಲ.