ಮಾತ್ರೆ ಸಣ್ಣದು, ಕೈಗಳು ಹಲವು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಕ್ಕಳ ಹೊಟ್ಟೆಯ ಹುಳುವಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಗೋಷ್ಠಿಯ ವ್ಯವಸ್ಥಾಪಕರು ಸ್ವಲ್ಪ ಹಿಂದೆಮುಂದೆ ನೋಡಿದರು. ಪ್ರಸಾದಕ್ಕೆ ಮುಂಚೆ ಇಂಥ ವಿಷಯವೇ ಎಂಬುದು ಅವರ ಅಳುಕು. ಪೂಜ್ಯರು ನಕ್ಕು, "ಮಕ್ಕಳು ಉಂಡದ್ದು ಮಕ್ಕಳಿಗೇ ದಕ್ಕಬೇಕಲ್ಲ, ಇದೂ ಪ್ರಸಾದದ ಮಾತೇ" ಎಂದು ಅಪ್ಪಣೆ ಕೊಟ್ಟರು. ಆ ಧೈರ್ಯದ ಮೇಲೆ ನಿಂತಿದ್ದೇನೆ.

ನಾನು ಓದಿದ್ದು ವೈದ್ಯಕೀಯ. ಆದರೆ ಬಹಳ ವರ್ಷಗಳಿಂದ ನನ್ನ ಕಾಯಕ ಬೇರೆ. ಜಗತ್ತಿನ ಹಲವು ದೇಶಗಳಲ್ಲಿ ಮಕ್ಕಳಿಗೆ ಜಂತುಹುಳು ಮಾತ್ರೆ ತಲುಪಿಸುವ ಕಾರ್ಯಕ್ರಮದಲ್ಲಿ ಔಷಧ ಕೊಡುವವರು, ಸರ್ಕಾರದವರು, ಶಾಲೆಯವರು, ಸೇವಾಸಂಸ್ಥೆಯವರು ಒಟ್ಟಿಗೆ ನಡೆಯುವಂತೆ ನೋಡಿಕೊಳ್ಳುವ ತಂಡವನ್ನು ಮುನ್ನಡೆಸುತ್ತೇನೆ. ಸಭೆ ಕರೆಯುವುದು, ಪತ್ರ ಬರೆಯುವುದು, ಮುನಿಸಿಕೊಂಡವರನ್ನು ಮತ್ತೆ ಒಂದು ಮೇಜಿಗೆ ಕೂರಿಸುವುದು, ಇಷ್ಟೇ ನನ್ನ ವೈದ್ಯಕೀಯ!

ಮೊದಲು ಹುಳುವಿನ ವಿಷಯ. ಮಣ್ಣಿನಿಂದ ಮಕ್ಕಳಿಗೆ ಬರುವ ಮುಖ್ಯ ಹುಳುಗಳು ಮೂರು: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಮೊಟ್ಟೆ ಮಲದೊಡನೆ ಬಯಲಿಗೆ ಬೀಳುತ್ತದೆ, ತೇವದ ಮಣ್ಣಿನಲ್ಲಿ ಬಹುಕಾಲ ಬದುಕುತ್ತದೆ, ಉಗುರಿನ ಸಂದಿಯಿಂದ, ತೊಳೆಯದ ಸೊಪ್ಪು ತರಕಾರಿಯಿಂದ ಮತ್ತೆ ಬಾಯಿ ಸೇರುತ್ತದೆ. ಕೊಕ್ಕೆಹುಳುವಿನ ಮರಿ ಬಾಯಿಗಾಗಿ ಕಾಯುವುದಿಲ್ಲ. ಬರಿಗಾಲಿನ ಚರ್ಮವನ್ನೇ ತೂರಿಕೊಂಡು ಒಳಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಬೇಗ ದಣಿಯುತ್ತದೆ, ತರಗತಿಯಲ್ಲಿ ತೂಕಡಿಸುತ್ತದೆ. ನಾವು ಅದನ್ನು ಸೋಮಾರಿ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಈ ಹುಳುಗಳಿವೆ.

ಇದಕ್ಕೆ ಮದ್ದು ಅಗ್ಗದ್ದು. ಅಲ್ಬೆಂಡಜೋಲ್ 400 ಮಿಲಿಗ್ರಾಂ ಅಥವಾ ಮೆಬೆಂಡಜೋಲ್ 500 ಮಿಲಿಗ್ರಾಂ, ಒಂದೇ ಮಾತ್ರೆ. ಹಾಗಿದ್ದೂ ಬಹುಕಾಲ ಅದು ಬೇಕಾದವರಿಗೆ ಸಿಗಲಿಲ್ಲ. ಕಾರಣ ಸರಳ: ಈ ರೋಗ ಬರುವುದು ಕೊಳ್ಳುವ ಶಕ್ತಿ ಇಲ್ಲದವರ ಮನೆಗೆ. 2001ರಲ್ಲಿ ವಿಶ್ವ ಆರೋಗ್ಯ ಸಭೆಯು ಅಪಾಯದಲ್ಲಿರುವ ಶಾಲಾ ವಯಸ್ಸಿನ ಮಕ್ಕಳಲ್ಲಿ ಕನಿಷ್ಠ ಶೇ 75ರಷ್ಟು ಮಂದಿಗೆ ನಿಯಮಿತವಾಗಿ ಮದ್ದು ಕೊಡಬೇಕೆಂದು ಗುರಿ ಹಾಕಿತು. 2006ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಮತ್ತು ಅಮೆರಿಕದ ಅಟ್ಲಾಂಟಾದ 'ಟಾಸ್ಕ್ ಫೋರ್ಸ್ ಫಾರ್ ಗ್ಲೋಬಲ್ ಹೆಲ್ತ್' ಸೇರಿ 'ಚಿಲ್ಡ್ರನ್ ವಿದೌಟ್ ವರ್ಮ್ಸ್' ಎಂಬ ಸಹಭಾಗಿತ್ವ ಕಟ್ಟಿದವು. 2012ರ ಜನವರಿಯಲ್ಲಿ ಲಂಡನ್‌ನಲ್ಲಿ ಕಂಪನಿಗಳು, ಸರ್ಕಾರಗಳು, ದಾನಿಗಳು ಒಂದೇ ಘೋಷಣೆಗೆ ಸಹಿ ಹಾಕಿದರು. ಆ ಹೊತ್ತಿಗೆ ಗ್ಲಾಕ್ಸೋಸ್ಮಿತ್‌ಕ್ಲೈನ್ ಶಾಲಾ ಮಕ್ಕಳಿಗಾಗಿ ವರ್ಷಕ್ಕೆ 40 ಕೋಟಿವರೆಗೆ, ಜಾನ್ಸನ್ ಕಂಪನಿ 20 ಕೋಟಿವರೆಗೆ ಮಾತ್ರೆಗಳನ್ನು ಉಚಿತವಾಗಿ ಕೊಡಲು ಒಪ್ಪಿದ್ದವು.

ಹಾಗಾದರೆ ಕೆಲಸ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅಲ್ಲೇ ಶುರು. ಯಾವ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ದೇಶದ ಸರ್ಕಾರ ಲೆಕ್ಕ ಹಾಕಿ ವಿಶ್ವ ಆರೋಗ್ಯ ಸಂಸ್ಥೆಗೆ ಬೇಡಿಕೆ ಕಳಿಸಬೇಕು. ಮಾತ್ರೆ ಹಡಗು ಹತ್ತಬೇಕು, ಸುಂಕದ ಕಟ್ಟೆ ದಾಟಬೇಕು, ಜಿಲ್ಲೆಯ ಉಗ್ರಾಣ ಸೇರಬೇಕು, ಅಲ್ಲಿಂದ ಆಸ್ಪತ್ರೆಗೆ, ಶಾಲೆಗೆ, ಕೊನೆಗೆ ಒಬ್ಬ ಶಿಕ್ಷಕಿಯ ಅಂಗೈಗೆ ಬರಬೇಕು. ಅವರು ಮಗುವಿನ ಬಾಯಿಗೆ ಹಾಕಿ, ಜಗಿಸಿ, ಪುಸ್ತಕದಲ್ಲಿ ಗುರುತು ಮಾಡಬೇಕು. ಆ ಗುರುತು ಬಂದ ದಾರಿಯಲ್ಲೇ ಮೇಲಕ್ಕೆ ಹೋಗಬೇಕು. ಹೋಗದಿದ್ದರೆ ಮುಂದಿನ ವರ್ಷದ ಬೇಡಿಕೆಗೆ ಆಧಾರವಿಲ್ಲ. ಒಂದು ದೇಶದಲ್ಲಿ ಮಾತ್ರೆಗಳು ಬಂದು ತಲುಪಿದ ವಾರವೇ ಶಾಲೆಗಳಿಗೆ ದೀರ್ಘ ರಜೆ ಬಿಟ್ಟಿತ್ತು. ಆರೋಗ್ಯ ಇಲಾಖೆಗೆ ಶಿಕ್ಷಣ ಇಲಾಖೆಯ ಕ್ಯಾಲೆಂಡರ್ ಯಾರೂ ತೋರಿಸಿರಲಿಲ್ಲ. ಕೋಟಿಗಟ್ಟಲೆ ಬೆಲೆಯ ದಾನ ಒಂದು ದೂರವಾಣಿ ಕರೆಗಾಗಿ ಕಾದು ಕುಳಿತಿತ್ತು.

ಸಹಭಾಗಿತ್ವ ಎಂದರೆ ಏನು ಎಂದು ನಾನು ಕಲಿತದ್ದು ಇಂಥ ಕಡೆಗಳಲ್ಲೇ. ಹಣವಿದ್ದವರು ಹಣ, ಮದ್ದಿದ್ದವರು ಮದ್ದು, ಮಕ್ಕಳ ಹೆಸರು ಬಲ್ಲವರು ಆ ತಿಳಿವಳಿಕೆ ಕೊಡಬೇಕು. ಮೂರನೆಯದು ಎಲ್ಲಕ್ಕಿಂತ ದುಬಾರಿ, ಅದನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಆದರೆ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂರುವವರು ಅವರೇ. ನನ್ನ ತಂಡಕ್ಕೆ ನಾನು ಹಾಕಿದ ನಿಯಮ ಒಂದೇ: ಮೊದಲು ಮಾತಾಡುವವರು ಶಿಕ್ಷಕಿಯರು, ಕೊನೆಗೆ ಮಾತಾಡುವವರು ದಾನಿಗಳು.

ಬಂಧುಗಳೇ, ದಾನ ಎಷ್ಟು ದೊಡ್ಡದಿದ್ದರೂ ಅದಕ್ಕೊಂದು ಕೊನೆ ಇದೆ. 1909ರಲ್ಲಿ ರಾಕ್‌ಫೆಲ್ಲರ್ 10 ಲಕ್ಷ ಡಾಲರ್ ಕೊಟ್ಟು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ಆಯೋಗ ಕಟ್ಟಿಸಿದ. ಪರೀಕ್ಷಿಸಿದ ಶಾಲಾ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಹುಳುವಿತ್ತು. ಲಕ್ಷಾಂತರ ಜನ ಮದ್ದು ಕುಡಿದರು. 1914ರ ಕೊನೆಗೆ ಆಯೋಗ ಮುಚ್ಚಿತು. ಶೌಚಾಲಯ ಕಟ್ಟಿಕೊಳ್ಳದ ಊರುಗಳಿಗೆ ಹುಳು ಮರಳಿ ಬಂತು. ನಮ್ಮ ಕಾಲದಲ್ಲೂ ಅಷ್ಟೇ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ನಿಲ್ಲಿಸಿದಾಗ, ಆ ಹಣವನ್ನೇ ನಂಬಿದ್ದ ದೇಶಗಳಲ್ಲಿ ಮದ್ದು ಹಂಚುವ ಕೆಲಸ ಕುಂಟಿತು. ಮಾತ್ರೆಯನ್ನು ಪುಕ್ಕಟೆ ಕೊಡುವವರಿದ್ದರೂ ಅದನ್ನು ಹಳ್ಳಿಗೆ ಒಯ್ಯುವ ಗಾಡಿಗೆ ಎಣ್ಣೆ ಬೇಕಲ್ಲ.

ಇದಕ್ಕೆ ಎದುರಾಗಿ ದಕ್ಷಿಣ ಕೊರಿಯಾವನ್ನು ನೋಡಿ. 1963ರಲ್ಲಿ ಜೊಂಜು ನಗರದ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಅವಳ ಕರುಳಿನಿಂದ ಹೊರತೆಗೆದ ದುಂಡುಹುಳುಗಳ ಸಂಖ್ಯೆ ಸಾವಿರಕ್ಕೂ ಹೆಚ್ಚು. ದೇಶ ನಾಚಿತು, ಎಚ್ಚೆತ್ತಿತು. 1964ರಲ್ಲಿ ಪರಾವಲಂಬಿ ನಿರ್ಮೂಲನೆಗೆ ಸಂಘ ಕಟ್ಟಿದರು, 1966ರಲ್ಲಿ ಕಾನೂನು ತಂದರು. ತನ್ನ ಮಕ್ಕಳ ಹುಳುವನ್ನು ಆಗಷ್ಟೇ ಗೆದ್ದಿದ್ದ ಜಪಾನ್ ಸಲಕರಣೆ, ತಿಳಿವಳಿಕೆ ಎರಡನ್ನೂ ಕೊಟ್ಟಿತು. ಆದರೆ ದುಡಿದವರು ಕೊರಿಯಾದವರೇ. 1969ರಿಂದ 1995ರವರೆಗೆ ಶಾಲಾ ಮಕ್ಕಳ ಮಲಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯಿತು. 1971ರ ಸಮೀಕ್ಷೆಯಲ್ಲಿ ಹುಳುವಿನ ಸೋಂಕು ಶೇ 84.3 ಇತ್ತು, 1997ರಲ್ಲಿ ಶೇ 2.4ಕ್ಕೆ ಇಳಿಯಿತು. ಪಡೆದವರು ಮುಂದೆ ಬೇರೆ ದೇಶಗಳಿಗೆ ಕೊಡುವವರಾದರು. ಇನ್ನೊಬ್ಬರ ಕೈ ಹಿಡಿದು ಎದ್ದವರು ತಮ್ಮ ಕಾಲ ಮೇಲೆ ನಿಲ್ಲುವುದೇ ನನ್ನ ಲೆಕ್ಕದಲ್ಲಿ ಸಹಭಾಗಿತ್ವದ ಫಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಭಾರತದಲ್ಲಿ 2015ರ ಫೆಬ್ರವರಿಯಲ್ಲಿ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾಯಿತು, ಮರುವರ್ಷ ದೇಶಕ್ಕೆಲ್ಲ ಹರಡಿತು. 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10, ತಪ್ಪಿಹೋದವರಿಗೆ ವಾರದ ನಂತರ ಮತ್ತೊಂದು ದಿನ. ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ, ಅದೂ ಪುಡಿಮಾಡಿ ನೀರಿನಲ್ಲಿ ಕಲಸಿ. ಗಂಟಲಿಗೆ ಸಿಕ್ಕಿಕೊಳ್ಳಬಾರದು. ಜ್ವರ, ಕಾಯಿಲೆ ಇರುವ ಮಗುವಿಗೆ ಆ ದಿನ ಕೊಡಬಾರದು. ಹುಳು ಹೆಚ್ಚಿದ್ದ ಕೆಲವು ಮಕ್ಕಳಿಗೆ ವಾಕರಿಕೆ, ಹೊಟ್ಟೆನೋವು ಬರಬಹುದು, ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಈ ಮಾತನ್ನು ತಾಯಂದಿರಿಗೆ ಮುಂಚೆಯೇ ಹೇಳಿದರೆ ವದಂತಿ ಹುಟ್ಟುವುದಿಲ್ಲ.

ನನ್ನನ್ನು ಕಾಡುವ ಸಂಗತಿಯೊಂದಿದೆ. ಫೆಬ್ರವರಿ ನಮ್ಮಲ್ಲಿ ಕಬ್ಬು ಕಡಿಯುವ ಹಂಗಾಮು. ತಂದೆತಾಯಿ ಗ್ಯಾಂಗಿನ ಜೊತೆ ಬಂದಿರುತ್ತಾರೆ, ಮಕ್ಕಳು ಗುಡಿಸಲಿನ ಬಳಿ ಬರಿಗಾಲಲ್ಲಿ ಆಡುತ್ತಿರುತ್ತಾರೆ. ಬಿಟ್ಟುಬಂದ ಊರಿನ ಶಾಲೆಯಲ್ಲಿ ಅವರು ಗೈರುಹಾಜರು, ಬಂದ ಊರಿನ ಹಾಜರಿಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಬಯಲಿನ ಮಣ್ಣಿಗೆ ಅತ್ಯಂತ ಹತ್ತಿರವಿರುವ ಮಗುವೇ ಮಾತ್ರೆಗೆ ಅತ್ಯಂತ ದೂರ. ಇಟ್ಟಿಗೆ ಭಟ್ಟಿಯಲ್ಲೂ ಇದೇ ಕಥೆ. ಜಿನೀವಾದಲ್ಲಿ ಕುಳಿತವರಿಗೆ ಈ ಗುಡಿಸಲು ಕಾಣದು. ನಿಮಗೆ ಕಾಣುತ್ತದೆ, ನಿಮ್ಮ ಹೊಲದಲ್ಲೇ ಇದೆ.

ಮಾತ್ರೆಯ ಮಿತಿಯನ್ನೂ ಹೇಳಬೇಕು. ಕೀನ್ಯಾದ ಬುಸಿಯಾದಲ್ಲಿ 75 ಶಾಲೆಗಳ ಅಧ್ಯಯನವೊಂದು ಮದ್ದು ಕೊಟ್ಟ ಕಡೆ ಗೈರುಹಾಜರಿ ಕಾಲುಭಾಗ ಇಳಿಯಿತೆಂದು 2004ರಲ್ಲಿ ತೋರಿಸಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಪರಾಮರ್ಶೆಗಳು, ಎಲ್ಲ ಮಕ್ಕಳ ತೂಕ, ಬುದ್ಧಿಯ ಮೇಲೆ ಸರಾಸರಿ ಪರಿಣಾಮ ಅಲ್ಪ ಎಂದವು. ವಾದ ಇನ್ನೂ ನಡೆದಿದೆ. ಒಂದು ಮಾತ್ರ ಖಚಿತ: ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಅಂಗಳದ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದಕ್ಕೆ ಬಳಸುವ ಶೌಚಾಲಯ, ನಲ್ಲಿಯ ಬಳಿ ಸೋಪು, ಕಾಲಿಗೆ ಚಪ್ಪಲಿ ಬೇಕು.

ಆದ್ದರಿಂದ ಈ ಸಭೆಯ ಮುಂದೆ ನನ್ನ ಬಿನ್ನಹ ಇಷ್ಟು. ನಮ್ಮ ಮಠಗಳ ಆಶ್ರಯದಲ್ಲಿ ಶಾಲೆಗಳಿವೆ, ಉಚಿತ ಪ್ರಸಾದ ನಿಲಯಗಳಿವೆ, ಬೇರೆ ಬೇರೆ ಜಾತಿಯ ಬಡವರ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಆ ನಿಲಯಗಳ ಮಕ್ಕಳ ಪಟ್ಟಿ ದಿನಕ್ಕೆ ಮುಂಚೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಲಿ, ಕೊಟ್ಟ ಮಾತ್ರೆಯ ಲೆಕ್ಕವೂ ತಲುಪಲಿ. ಕೈ ತೊಳೆಯುವ ಕಡೆ ಸೋಪು ಖಾಲಿಯಾಗದಂತೆ ಒಬ್ಬರು ಹೊಣೆ ಹೊರಲಿ. ವಾರಕ್ಕೊಮ್ಮೆ ಉಗುರು ಕತ್ತರಿಸಲಿ. ಶೌಚಾಲಯದ ಬಾಗಿಲಲ್ಲಿ ನಾಲ್ಕು ಜೋಡಿ ಚಪ್ಪಲಿ ಇರಲಿ. ಹೊಲದಲ್ಲಿ ಕಬ್ಬಿನ ಗ್ಯಾಂಗು ಇಳಿದಿರುವ ರೈತ ಬಂಧುಗಳು ಗುಡಿಸಲಿನ ಮಕ್ಕಳನ್ನು ಎಣಿಸಿ ಅಂಗನವಾಡಿ ಕಾರ್ಯಕರ್ತೆಗೋ ಆಶಾ ತಾಯಿಗೋ ತಿಳಿಸಲಿ. ಇದಕ್ಕೆ ದೊಡ್ಡ ದಾನ ಬೇಕಿಲ್ಲ, ಯಾರ ಹೆಸರಿನ ಫಲಕವೂ ಬೇಕಿಲ್ಲ. ದಾಸೋಹದ ಮನೆಯಲ್ಲಿ ಉಂಡ ಅನ್ನ ಮಗುವಿನ ಮೈಗೆ ಹತ್ತಬೇಕಾದರೆ, ನಡುವೆ ಪಾಲು ಕೇಳುವ ಹುಳುವನ್ನು ಹೊರಹಾಕುವುದೂ ದಾಸೋಹದ ಕೆಲಸವೇ.

ಸಮುದ್ರ ದಾಟಿ ಮಾತ್ರೆ ಬರಲು ನಮ್ಮಂಥವರು ದುಡಿಯುತ್ತೇವೆ. ಕೊನೆಯ ಹತ್ತು ಹೆಜ್ಜೆ ನಿಮ್ಮದು.