ಒಂದೇ ತಂತಿ, ಎರಡು ಕೆಲಸ



ಫೋನ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ, ಅಂಕೋಲೆಯ ಹಳ್ಳಿಯಲ್ಲಿರುವ ನನ್ನ ಅಕ್ಕ ಕೇಳಿದ್ದಳು: "ನಿಂಗೆ ಕಾರವಾರದಲ್ಲಿ ಚಲೋ ಬರ್ತದೆ, ನಂಗೆ ಯಾಕೆ ಇಲ್ಲ? ದುಡ್ಡು ಒಂದೇ ಅಲ್ವೇನೋ?" ಮಗನ ಕಾಲೇಜು ಅರ್ಜಿ ಅರ್ಧಕ್ಕೇ ನಿಂತಿತ್ತು.

ಉತ್ತರ ತಂತಿಯಲ್ಲೇ ಇದೆ. ಫೋನಿನಲ್ಲಿ ನಮ್ಮ ಮಾತಿಗೆ 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು. ಆದರೆ ಅದೇ ತಾಮ್ರದ ತಂತಿ ಸುಮಾರು 11 ಲಕ್ಷ ಹರ್ಟ್ಸ್‌ವರೆಗೂ ಸಂಕೇತ ಒಯ್ಯಬಲ್ಲದು. ಖಾಲಿ ಉಳಿದ ಆ ಮೇಲಿನ ಭಾಗವನ್ನು ಎ.ಡಿ.ಎಸ್.ಎಲ್. ತಂತ್ರಜ್ಞಾನ ಇಂಟರ್ನೆಟ್ಟಿಗೆ ಬಳಸಿತು. ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಮಾತನ್ನೂ ಮಾಹಿತಿಯನ್ನೂ ಬೇರ್ಪಡಿಸುತ್ತಿತ್ತು. ಡಯಲ್-ಅಪ್ ಕಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್ ಸಿಗುತ್ತಿತ್ತು. ಫೋನೂ ಎಂಗೇಜ್ ಆಗುತ್ತಿತ್ತು. 2004ರ ರಾಷ್ಟ್ರೀಯ ನೀತಿ ಕನಿಷ್ಠ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದಿತು.

ತೊಡಕು ಇಲ್ಲಿದೆ. ಕಂಪನ ಹೆಚ್ಚಿದಷ್ಟೂ ಸಂಕೇತ ತಂತಿಯಲ್ಲಿ ಬೇಗ ಸೊರಗುತ್ತದೆ. ನನ್ನ ಮನೆ ಎಕ್ಸ್‌ಚೇಂಜಿನ ಪಕ್ಕದಲ್ಲಿತ್ತು. ಅಕ್ಕನ ಮನೆ ಎಕ್ಸ್‌ಚೇಂಜಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಮೇಲಾಗಿ ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ! ಕೇಬಲ್ಲಿನ ಜಾಯಿಂಟಿಗೆ ನೀರು ಹೊಕ್ಕರೆ, ಕಿಲುಬು ಹಿಡಿದರೆ, ವೇಗ ಕುಸಿಯುತ್ತದೆ. ರಿಸೀವರ್ ಎತ್ತಿದಾಗ ಕರಕರ ಸದ್ದು ಕೇಳಿದರೆ, ದೋಷ ಕಂಪ್ಯೂಟರಿನದ್ದಲ್ಲ, ಲೈನಿನದ್ದು ಎಂದು ಅಕ್ಕನಿಗೆ ಹೇಳಿಕೊಟ್ಟೆ.

ಈಗ ಫೈಬರ್ ಬಂದಿದೆ. ಗಾಜಿನೆಳೆಯಲ್ಲಿ ಬೆಳಕು ಇಪ್ಪತ್ತು ಕಿಲೋಮೀಟರ್ ಹೋದರೂ ವೇಗ ಕುಗ್ಗದು. ಅಕ್ಕನ ಪ್ರಶ್ನೆ ಮಾತ್ರ ಹಳತಾಗಿಲ್ಲ: ಕೊಡುವ ದುಡ್ಡು ಒಂದೇ ಆದರೆ, ಹಳ್ಳಿಯ ಕೊನೆಯ ಮನೆಗೂ ಅದೇ ವೇಗ ತಲುಪಬೇಡವೇ?