ಇಂಜಿನ್ನಿಗೂ ತಿದಿ



ಕುಲುಮೆಯನ್ನು ನಾವೆಲ್ಲ ನೋಡಿದ್ದೇವೆ. ತಿದಿ ಒತ್ತಿದರೆ ಗಾಳಿ ನುಗ್ಗುತ್ತದೆ. ಬೆಂಕಿ ಧಗಧಗ ಉರಿಯುತ್ತದೆ. ಇಂಜಿನ್ನಿನ ಒಳಗೂ ಬೆಂಕಿಯದೇ ಕೆಲಸ. ಹೆಚ್ಚು ಗಾಳಿ, ಜೊತೆಗೆ ಹೆಚ್ಚು ಪೆಟ್ರೋಲು ಕೊಟ್ಟರೆ ಹೆಚ್ಚು ಬಲ. ಹಾಗಾದರೆ ಇಂಜಿನ್ನಿಗೂ ತಿದಿ ಬೇಕಲ್ಲವೇ?

ಅಮೆರಿಕದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಅಂಥದೊಂದು ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದರು. ಅದರೊಳಗೆ ಎರಡು ದಿಂಡುಗಳು ತಿರುಗುತ್ತವೆ. ಗಾಳಿಯನ್ನು ಬಾಚಿ ಬಾಚಿ ತಳ್ಳುತ್ತವೆ. ಮೊದಲು ಅದು ಕಬ್ಬಿಣ ಕರಗಿಸುವ ಕುಲುಮೆಗೆ ಬಂತು. 1938ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಹೊಸ ಡೀಸೆಲ್ ಇಂಜಿನ್ ಮಾಡಿತು. ಅದಕ್ಕೂ ಈ ತಿದಿಯನ್ನೇ ಜೋಡಿಸಿತು. ಹೊಗೆಯನ್ನು ಹೊರಗೆ ದಬ್ಬಿ ಹೊಸ ಗಾಳಿ ತುಂಬುವುದು ಅದರ ಕೆಲಸ.

ಆಗ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ತಾವೇ ಬಿಚ್ಚಿ ಕಟ್ಟುತ್ತಿದ್ದರು. ಬತ್ತಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಅಂಥ ಕಾರಿಗೆ ಹಾಟ್ ರಾಡ್ ಅಂತ ಹೆಸರು. 2ನೇ ಮಹಾಯುದ್ಧ ಮುಗಿದ ಮೇಲೆ ಬಾರ್ನಿ ನವಾರೋ ಎಂಬುವರು ಒಂದು ಕೆಲಸ ಮಾಡಿದರು. ಡೀಸೆಲ್ ಇಂಜಿನ್ನಿನ ತಿದಿಯನ್ನು ಫೋರ್ಡ್ ಪೆಟ್ರೋಲ್ ಇಂಜಿನ್ ಮೇಲೆ ಕೂರಿಸಿದರು!

ಇದು ಹುಡುಗಾಟವಲ್ಲ. ಗಾಳಿ ಅತಿಯಾದರೆ ಬಿಸಿಯೂ ಅತಿ. ಪಿಸ್ಟನ್ನೇ ಕರಗೀತು. ತಿದಿ ಎಷ್ಟು ಸುತ್ತು ತಿರುಗಬೇಕು, ಪೆಟ್ರೋಲು ಎಷ್ಟು ಬೇಕು, ಎಲ್ಲಾ ಲೆಕ್ಕ ಹಾಕಬೇಕು. ಲೆಕ್ಕ ಕೂಡಿತು, ಕಾರು ಓಡಿತು. ಇಂದಿಗೂ ಅತಿ ವೇಗದ ಡ್ರ್ಯಾಗ್ ರೇಸ್ ಕಾರುಗಳ ಮೇಲೆ ಇದೇ ಬಗೆಯ ತಿದಿ ಇದೆ.

ಲಾರಿಯದು ಕಾರಿಗೆ ಯಾಕೆ ಆಗಬಾರದು? ಈ ಪ್ರಶ್ನೆ ಕೇಳಲು ಧೈರ್ಯ ಬೇಕು. ಉತ್ತರ ಹುಡುಕಲು ಲೆಕ್ಕ ಬೇಕು. ನಾವು ಎರಡನ್ನೂ ಕಲಿಯೋಣ, ಬನ್ನಿ.